ಹಾವಿಗೆ ಹೆಳವರು ಯಾರು?

ನಮ್ಮ ಬಾಗಲಕೋಟೆ, ಬಾದಾಮಿ, ಹುನಗುಂದ ಸೀಮೆಯ ಒಕ್ಕಲುತನದ ಮನೆಗಳಿಗೆ ಹೆಳವರು ಬರುವ ಸಂಪ್ರದಾಯವು ಬಹುಕಾಲದಿಂದ ನಡೆದುಬಂದದ್ದು. ಎತ್ತಿನ ಮೇಲೆ ಕುಳಿತು, ಗಂಟೆ ಬಾರಿಸುತ್ತ ಬಾಗಿಲಿಗೆ ಬಂದು, ಆ ಮನೆತನದ ಬೆಡಗು ಯಾವದು, ಮೂಲಸ್ಥಳ ಯಾವದು, ಅಲ್ಲಿಂದ ಇಲ್ಲಿಗೆ ಬಂದ ಹಿರಿಯನು ಯಾರು, ಆತನ ಮಕ್ಕಳು ಮೊಮ್ಮಕ್ಕಳು ಯಾರು ಎಂಬದನ್ನೆಲ್ಲ ತಡವರಿಸದೆ ಹೇಳುವದು ಅವರ ಕಸುಬು. ಕಡೆಗೆ, ಈಚೆಗೆ ಹುಟ್ಟಿದ ಕೂಸುಗಳ ಹೆಸರನ್ನು ತಮ್ಮ ಹೊತ್ತಿಗೆಯಲ್ಲಿ ಏರಿಸಿಕೊಂಡು, ಕಾಳುಕಡಿ ಪಡೆದು ಮುಂದಿನ ಮನೆಗೆ ನಡೆಯುವರು. ಮುಖವನ್ನು ನೋಡಿ ಇಂಥವನು ಇಂಥವರ ಮಗನಿರಬಹುದೆಂದು ಯಾರಾದರೂ ಊಹಿಸಬಹುದು. ಆದರೆ ಊಹೆಯ ಮೇಲೆ ಹೊಲಮನೆಗಳ ಪಾಲು ಆಗುವದಿಲ್ಲ, ಬೀಗತನವೂ ಕೂಡುವದಿಲ್ಲ. ಅದಕ್ಕೆ ಬರೆದಿಟ್ಟ ಆಧಾರವು ಬೇಕು. ಈ ತಿಂಗಳು ನಾವು ಹೇಳಹೊರಟಿರುವ ವಿಷಯಕ್ಕೆ ಈ ಮಾತೇ ಪೀಠಿಕೆಯು.

ಇಳಕಲ್ಲಿನ ವಾಚಕ ಮಹನೀಯರೊಬ್ಬರು ನಮಗೆ ಎರಡು ಪ್ರಶ್ನೆಗಳನ್ನು ಬರೆದು ಕಳುಹಿಸಿದ್ದಾರೆ. ಬೆಂಗಳೂರಿನಲ್ಲಿ ಓದುತ್ತಿರುವ ಅವರ ಮಗನು ಹಾವೊಂದನ್ನು ಕೊಂಡು ಸಾಕಬೇಕೆಂದು ಹಟ ಹಿಡಿದಿದ್ದಾನಂತೆ. ಅದು ನಮ್ಮ ದೇಶದ ಹಾವಲ್ಲ. ಬಾಲ್ ಪೈಥಾನ್ ಎಂಬ ಆಫ್ರಿಕದ ಹೆಬ್ಬಾವು. ಮಾರುವವನು "ಇದು ಅಪರೂಪದ ಉಪಜಾತಿ, ಉತ್ತಮ ವಂಶದ್ದು" ಎಂದು ಹೇಳಿ ಹೆಚ್ಚಿನ ಬೆಲೆಯನ್ನು ಕೇಳುತ್ತಾನೆ. ಇದರ ನಿಜವನ್ನು ತಿಳಿಯುವ ಬಗೆ ಹೇಗೆಂಬದು ಮೊದಲನೆಯ ಪ್ರಶ್ನೆ. ತಮ್ಮ ಹೊಲದಲ್ಲಿ ಆಗಾಗ ಕಾಣುವ ಎರಡು ತಲೆಯ ಹಾವಿಗೆ ಲಕ್ಷಗಟ್ಟಲೆ ಬೆಲೆ ಉಂಟೆಂದು ಕೆಲವರು ಹೇಳುವದು ನಿಜವೋ ಎಂಬದು ಎರಡನೆಯದು. ಹಾವು ಸಾಕುವದೆಂದರೆ ನಮ್ಮ ಹಿರಿಯರಿಗೆ ವಿಚಿತ್ರವಾಗಿ ತೋರೀತು. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆದು ಕೈಮುಗಿಯುವ ನಾವು ಅದನ್ನು ಮನೆಯೊಳಕ್ಕೆ ಕರೆದವರಲ್ಲ. ಆದರೂ ಕಾಲವು ಬದಲಾಗಿದೆ, ಪ್ರಶ್ನೆಯು ಬಂದಿದೆ. ಉತ್ತರ ಹೇಳುವದು ನಮ್ಮ ಕರ್ತವ್ಯವು.

ಮೊದಲು ಶಬ್ದಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ತಮ್ಮ ತಮ್ಮೊಳಗೆ ಕೂಡಿ ಸಂತತಿಯನ್ನು ನಡೆಯಿಸಿಕೊಂಡು ಬರುವ ಪ್ರಾಣಿಗಳ ಸಮೂಹಕ್ಕೆ ಜಾತಿಯೆನ್ನುವರು. ಒಂದೇ ಜಾತಿಯ ಪ್ರಾಣಿಗಳು ದೂರದೂರದ ಸೀಮೆಗಳಲ್ಲಿ ಸಾವಿರಾರು ವರ್ಷ ಬೇರೆಯಾಗಿ ಬಾಳಿ, ಆಕಾರದಲ್ಲಿ ಸ್ಥಿರವಾದ ಭೇದಗಳನ್ನು ಪಡೆದರೆ ಅವು ಉಪಜಾತಿಗಳು. ತಳಿಯೆಂಬದು ಇವೆರಡರಿಂದ ಬೇರೆಯಾದ ಮಾತು. ಅದು ಮನುಷ್ಯನು ಆರಿಸಿ ಆರಿಸಿ ಕೂಡಿಸಿ ಮಾಡಿಕೊಂಡದ್ದು. ನಮ್ಮ ಜಿಲ್ಲೆಯ ಮುಧೋಳದ ಬೇಟೆನಾಯಿಯು ತಳಿಯೇ ಹೊರತು ಉಪಜಾತಿಯಲ್ಲ. ಅದರ ರಕ್ತವು ಕೆಡದಂತೆ ನೋಡಿಕೊಳ್ಳುವದಕ್ಕಾಗಿ ಮುಧೋಳ ತಾಲೂಕಿನ ತಿಮ್ಮಾಪುರದಲ್ಲಿ ಬೀದರದ ಪಶುವೈದ್ಯಕೀಯ ವಿಶ್ವವಿದ್ಯಾಲಯದ ಶ್ವಾನ ಸಂಶೋಧನ ಕೇಂದ್ರವು ಕೆಲಸಮಾಡುತ್ತಿದೆ. ಉಪಜಾತಿಯನ್ನು ಮಾಡುವವು ನೆಲವೂ ಕಾಲವೂ. ತಳಿಯನ್ನು ಮಾಡುವದು ಮನುಷ್ಯನ ಕೈ.

ಈ ಭೇದವನ್ನು ತಿಳಿದೊಡನೆಯೆ ಇಳಕಲ್ಲಿನ ಮಹನೀಯರ ಮೊದಲ ಸಂಶಯವು ಅರ್ಧ ಬಗೆಹರಿಯುವದು. ಪಶ್ಚಿಮ ಮತ್ತು ಮಧ್ಯ ಆಫ್ರಿಕದ ಈ ಚಿಕ್ಕ ಹೆಬ್ಬಾವಿಗೆ ಶಾಸ್ತ್ರಜ್ಞರು ಒಪ್ಪಿದ ಉಪಜಾತಿಯು ಒಂದೂ ಇಲ್ಲ. ಮಾರುವವನು ತೋರಿಸುವ ಬಿಳಿ, ಹಳದಿ, ಪಟ್ಟೆ, ಚುಕ್ಕೆಗಳೆಲ್ಲ ಸಾಕಣೆಯಲ್ಲಿ ಆರಿಸಿ ಬೆಳೆಯಿಸಿದ ಬಣ್ಣಗಳು. ಬಣ್ಣವನ್ನು ಉಪಜಾತಿಯೆಂದು ಕರೆಯುವವನು ಒಂದೋ ತಿಳಿಯದವನು, ಇಲ್ಲವೆ ಮೋಸಗಾರನು. ಎರಡೂ ಪಕ್ಷದಲ್ಲಿ ಅವನ ಮಾತಿಗೆ ಹಣ ಕೊಡುವದು ಉಚಿತವಲ್ಲ.

ಹಾಗಾದರೆ ಉಪಜಾತಿಯ ವಿಚಾರವು ಬರಿಯ ಪಂಡಿತರ ತರ್ಕವೋ? ಹಾಗೆ ತಿಳಿಯಬಾರದು. ಬಾದಾಮಿಯ ಕೆಂಪು ಬಂಡೆಗಳ ಸಂದಿನಲ್ಲಿ, ಹುನಗುಂದದ ಕಡೆಯ ಕಲ್ಲುಹೊಲಗಳಲ್ಲಿ ಒಂದು ಚಿಕ್ಕ ವಿಷದ ಹಾವು ಇರುವದು. ಕೆಣಕಿದರೆ ಸುರುಳಿಯಾಗಿ ಮೈಯನ್ನು ಮೈಗೆ ಉಜ್ಜಿ ಗರಗಸದಿಂದ ಕೊಯ್ದಂತೆ ಸಪ್ಪಳ ಮಾಡುವದು. ಆದುದರಿಂದಲೇ ಅದಕ್ಕೆ ಗರಗಸ ಮಂಡಲವೆಂಬ ಹೆಸರು. ನಮ್ಮ ದಕ್ಷಿಣದ್ದು ಒಂದು ಉಪಜಾತಿ, ರಾಜಸ್ಥಾನದ ಕಡೆಯದು ಇನ್ನೊಂದು. ಆ ಕಡೆಯದು ಮೈಯಲ್ಲಿಯೂ ದೊಡ್ಡದು. ನಾಗರ, ಕಟ್ಟುಹಾವು, ಕೊಳಕುಮಂಡಲ ಮತ್ತು ಈ ಗರಗಸ ಮಂಡಲ, ಈ ನಾಲ್ಕರ ವಿಷಕ್ಕೆಂದು ನಮ್ಮ ದೇಶದಲ್ಲಿ ಒಂದೇ ಪ್ರತಿವಿಷದ ಔಷಧವನ್ನು ಮಾಡುವರು. ಅದಕ್ಕೆ ಬೇಕಾದ ವಿಷವನ್ನು ಬಹುಕಾಲದಿಂದ ಬಹುಮಟ್ಟಿಗೆ ಒದಗಿಸಿದ್ದು ೧೯೭೮ ರಲ್ಲಿ ಮದ್ರಾಸಿನ ಹತ್ತಿರ ಸ್ಥಾಪನೆಯಾದ ಇರುಳರ ಸಹಕಾರಿ ಸಂಘವು. ಹಾವುಗಳನ್ನು ಕೆಲವು ವಾರ ಇಟ್ಟುಕೊಂಡು, ವಿಷವನ್ನು ತೆಗೆದು, ತಿರುಗಿ ಕಾಡಿಗೆ ಬಿಡುವದು ಅವರ ಪದ್ಧತಿ. ಆದರೆ ಒಂದು ಸೀಮೆಯ ಹಾವಿನ ವಿಷಕ್ಕಾಗಿ ಮಾಡಿದ ಔಷಧವು ಇನ್ನೊಂದು ಸೀಮೆಯ ಹಾವಿಗೆ, ಅದರ ಹತ್ತಿರದ ದಾಯಾದಿಗಳಿಗೆ, ಅದೇ ಸಮನಾಗಿ ಕೆಲಸ ಮಾಡುವದಿಲ್ಲವೆಂದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಾರ್ತಿಕ್ ಸುಣಗಾರ್ ಮತ್ತು ಅವರ ಸಂಗಡಿಗರು ೨೦೧೯ ರಿಂದೀಚೆಗೆ ತೋರಿಸಿಕೊಟ್ಟಿದ್ದಾರೆ. ಹೀಗೆ ಹಾವಿನ ಊರು ಯಾವದೆಂಬ ಪ್ರಶ್ನೆಯು ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದ್ದು. ಇಲ್ಲಿ ಗೃಹಸ್ಥರಿಗೆ ಒಂದು ಎಚ್ಚರಿಕೆಯ ಮಾತನ್ನು ಹೇಳಲೇಬೇಕು. ಯಾರಿಗಾದರೂ ಹಾವು ಕಚ್ಚಿದರೆ ಅದರ ಜಾತಿಯನ್ನು ಗೊತ್ತುಮಾಡುತ್ತ ಕೂಡ್ರಬಾರದು, ಅದನ್ನು ಹುಡುಕಿ ಕೊಲ್ಲಲೂ ಬಾರದು; ಕಚ್ಚಿದ ಅಂಗವನ್ನು ಅಲುಗಾಡಿಸದೆ ಕೂಡಲೆ ಆಸ್ಪತ್ರೆಗೆ ಒಯ್ಯಬೇಕು. ಕಟ್ಟುವದು, ಕೊಯ್ಯುವದು, ಹೀರುವದು ಇವೆಲ್ಲ ಅಪಾಯಕರವು. ಕರ್ನಾಟಕ ಸರಕಾರವು ೨೦೨೪ ರಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಸಾರಿದೆ. ಎಲ್ಲಿ, ಎಷ್ಟು ಜನರಿಗೆ ಕಚ್ಚಿತೆಂಬ ಲೆಕ್ಕವು ಇದರಿಂದ ಒಂದೆಡೆ ಸೇರುವದು.

ಇನ್ನು ಸಾಕಿದ ಹಾವುಗಳಲ್ಲಿ ವಂಶವು ಬೆರೆತುಹೋದರೆ ಏನಾಗುವದೆಂಬದಕ್ಕೆ ನಮ್ಮ ಹೆಬ್ಬಾವೇ ಸಾಕ್ಷಿಯು. ಭಾರತದ ಹೆಬ್ಬಾವನ್ನೂ ಬ್ರಹ್ಮದೇಶದ ಹೆಬ್ಬಾವನ್ನೂ ಬಹುಕಾಲ ಒಂದೇ ಜಾತಿಯ ಎರಡು ಉಪಜಾತಿಗಳೆಂದು ಎಣಿಸುತ್ತಿದ್ದರು. ೨೦೦೯ ರಲ್ಲಿ ಅವುಗಳನ್ನು ಎರಡು ಬೇರೆ ಜಾತಿಗಳಾಗಿ ವಿಂಗಡಿಸಿದರು. ನೋಟಕ್ಕೆ ಅಣ್ಣತಮ್ಮಂದಿರಂತೆ ಇದ್ದರೂ ಗುರುತುಗಳು ಬೇರೆ. ನಮ್ಮದರಲ್ಲಿ ಮೇಲ್ದುಟಿಯ ಹುರುಪೆಯು ಕಣ್ಣಿಗೆ ತಾಗುವದು. ಬ್ರಹ್ಮದೇಶದ್ದರಲ್ಲಿ ಕಣ್ಣಿಗೂ ತುಟಿಗೂ ನಡುವೆ ಸಣ್ಣ ಹುರುಪೆಗಳ ಸಾಲು ಇರುವದು. ತಲೆಯ ಮೇಲಿನ ಬಾಣದ ಗುರುತು ಅದರಲ್ಲಿ ಮೂತಿಯವರೆಗೆ ಸ್ಪಷ್ಟ, ನಮ್ಮದರಲ್ಲಿ ಮುಂದೆ ಮಾಸಿರುವದು. ಇಷ್ಟು ಸಣ್ಣ ಭೇದದ ಮೇಲೆ ದೊಡ್ಡ ಕಾಯಿದೆಗಳು ನಿಂತಿವೆ. ಕಾಡುಪ್ರಾಣಿಗಳ ವ್ಯಾಪಾರದ ಬಗ್ಗೆ ರಾಷ್ಟ್ರಗಳು ಮಾಡಿಕೊಂಡ ಸೈಟಿಸ್ ಎಂಬ ಒಪ್ಪಂದದಲ್ಲಿ ಭಾರತದ ಹೆಬ್ಬಾವು ಅತ್ಯಂತ ಬಿಗಿಯಾದ ಮೊದಲನೆಯ ಪಟ್ಟಿಯಲ್ಲಿದೆ, ಬ್ರಹ್ಮದೇಶದ್ದು ಎರಡನೆಯದರಲ್ಲಿ. ಆದುದರಿಂದ ಒಂದನ್ನು ಇನ್ನೊಂದರ ಹೆಸರಿನಲ್ಲಿ ಮಾರಿದರೆ ಅದು ಬರಿಯ ತಪ್ಪು ಹೆಸರಲ್ಲ, ಅಪರಾಧವು.

ಪರದೇಶದಲ್ಲಿ ಹಾವು ಸಾಕುವವರು ಈ ಎರಡನ್ನೂ ಕೂಡಿಸಿ ಮರಿಮಾಡಿಸಿದ್ದುಂಟು. ಅಂಥ ಮಿಶ್ರ ಮರಿಗಳಲ್ಲಿ ಮೇಲೆ ಹೇಳಿದ ಗುರುತುಗಳು ಕಲಸಿಹೋಗುವವು. ಅಮೇರಿಕೆಯ ಫ್ಲಾರಿಡಾ ಪ್ರಾಂತದ ಎವರ್‌ಗ್ಲೇಡ್ಸ್ ಎಂಬ ಜವುಗಿನಲ್ಲಿ ಸಾಕುಹಾವಿನ ವ್ಯಾಪಾರದಿಂದ ಹೊರಬಿದ್ದ ಬ್ರಹ್ಮದೇಶದ ಹೆಬ್ಬಾವುಗಳು ಬೆಳೆದು, ಅಲ್ಲಿಯ ಮೊಲ, ನರಿ, ಹಕ್ಕಿಗಳಿಗೆ ಮೃತ್ಯುವಾಗಿ ನಿಂತಿವೆ. ಅವುಗಳಲ್ಲಿ ಸುಮಾರು ೪೦೦ ಹಾವುಗಳ ಡಿಎನ್‌ಎಯನ್ನು ಪರೀಕ್ಷಿಸಿದ ವಿದ್ವಾಂಸರು ೧೩ ರಲ್ಲಿ ಭಾರತದ ಹೆಬ್ಬಾವಿನ ಗುರುತನ್ನು ಕಂಡರೆಂದು ೨೦೧೮ ರಲ್ಲಿ ಪ್ರಕಟಿಸಿದರು. ಅವರು ನೋಡಿದ್ದು ತಾಯಿಯಿಂದ ಮಾತ್ರ ಮಕ್ಕಳಿಗೆ ಇಳಿದುಬರುವ ಅಂಶವನ್ನು. ಅಂದರೆ ಯಾವದೋ ತಲೆಮಾರಿನ ಅಜ್ಜಿಯೊಬ್ಬಳು ನಮ್ಮ ದೇಶದವಳಾಗಿದ್ದಳು! ನೋಡಿದರೆ ಎಲ್ಲವೂ ಬ್ರಹ್ಮದೇಶದ ಹಾವುಗಳೇ. ಆ ಕೂಟವು ಎಲ್ಲಿ, ಯಾವಾಗ ಆಯಿತೆಂದು ಈಗ ಯಾರೂ ಹೇಳಲಾರರು. ಏಕೆಂದರೆ ಅವುಗಳ ಲೆಕ್ಕವನ್ನು ಬರೆದಿಟ್ಟವರಿಲ್ಲ.

ಬರಹವು ಇಷ್ಟು ಅವಶ್ಯವಾಗಿರುವದಕ್ಕೆ ಇನ್ನೊಂದು ಕಾರಣವೂ ಉಂಟು. ಶಾಸ್ತ್ರದ ಹೆಸರುಗಳು ಬದಲಾಗುತ್ತಿರುವವು. ನಮ್ಮ ಮಲೆನಾಡಿನ ಕಾಳಿಂಗ ಸರ್ಪವನ್ನೇ ನೋಡಿರಿ. ೧೮೩೬ ರಲ್ಲಿ ಅದಕ್ಕೆ ಹೆಸರಿಟ್ಟಂದಿನಿಂದ ಭಾರತದಿಂದ ಫಿಲಿಪೀನ್ಸ್‌ವರೆಗೆ ಇರುವ ಕಾಳಿಂಗಗಳೆಲ್ಲ ಒಂದೇ ಜಾತಿಯೆಂದು ಎಲ್ಲರೂ ನಂಬಿದ್ದರು. ಆಗುಂಬೆಯ ಕಾಡುಗಳಲ್ಲಿ ದೀರ್ಘಕಾಲ ಈ ಹಾವುಗಳನ್ನು ಅಭ್ಯಾಸಮಾಡಿದ ಗೌರಿಶಂಕರ್ ಮತ್ತು ಅವರ ಸಂಗಡಿಗರು ಅವುಗಳ ಡಿಎನ್‌ಎಯನ್ನೂ ಮೈಯ ಗುರುತುಗಳನ್ನೂ ಹೋಲಿಸಿ, ಅವು ನಾಲ್ಕು ಜಾತಿಗಳೆಂದು ೨೦೨೪ ರಲ್ಲಿ ಸ್ಥಾಪಿಸಿದರು. ಪಶ್ಚಿಮಘಟ್ಟದ ಹಾವಿಗೆ ನಮ್ಮ ಕನ್ನಡದ ಹೆಸರನ್ನೇ ಕೊಟ್ಟು ಒಫಿಯೋಫೇಗಸ್ ಕಾಳಿಂಗ ಎಂದು ಕರೆದದ್ದು ಕನ್ನಡಿಗರೆಲ್ಲರೂ ಸಂತೋಷಪಡತಕ್ಕ ವಿಷಯವು. ಆದರೆ ಇದರಿಂದ ಪ್ರಾಣಿಸಂಗ್ರಹಾಲಯಗಳವರ ಮೇಲೆ ಒಂದು ಹೊಣೆಯು ಬಿದ್ದಿತು. ಒಂದೇ ಜಾತಿಯೆಂದು ತಿಳಿದು ಈಶಾನ್ಯ ಭಾರತದ ಹಾವನ್ನೂ ಘಟ್ಟದ ಹಾವನ್ನೂ ಕೂಡಿಸಿದರೆ, ಕಾಡಿನಲ್ಲಿ ಎಲ್ಲಿಯೂ ಇಲ್ಲದ ಮರಿಗಳು ಹುಟ್ಟಿಯಾವು. ಅವನ್ನು ಯಾವ ಕಾಡಿಗೆ ಬಿಡಬೇಕು? ಹಾವು ಬಂದ ದಿನವೇ "ಇಂಥ ಊರಿನ ಇಂಥ ಕಾಡಿನದು" ಎಂದು ಬರೆದಿಟ್ಟವರಿಗೆ ಈ ಚಿಂತೆಯಿಲ್ಲ. ಹೆಸರು ಬದಲಾದರೆ ಪುಸ್ತಕದಲ್ಲಿ ಒಂದು ಗೆರೆ ತಿದ್ದಿದರಾಯಿತು, ಊರು ಬದಲಾಗುವದಿಲ್ಲವಷ್ಟೆ.

ಮೈಯ ಗುರುತುಗಳನ್ನು ಓದುವ ಕ್ರಮವನ್ನೂ ಸ್ವಲ್ಪ ತಿಳಿಸುವೆವು. ಇಳಕಲ್ಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಸೀರೆಯ ನಿಜಸುಳ್ಳನ್ನು ಅವರು ಬಣ್ಣದಿಂದ ತೀರ್ಮಾನಿಸುವದಿಲ್ಲ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಕೂಡಿಸಿದ ಜಾಗವನ್ನು ನೋಡುವರು. ಹಾವಿನಲ್ಲಿಯೂ ಬಣ್ಣವು ಮೋಸಮಾಡುವದು, ಹುರುಪೆಯು ಹೆಚ್ಚಿನ ನಂಬಿಕೆಗೆ ಅರ್ಹವು. ಮೈಯ ನಡುವೆ ಹುರುಪೆಗಳ ಸಾಲು ಎಷ್ಟು, ಹೊಟ್ಟೆಯ ಅಗಲ ಹುರುಪೆಗಳು ಎಷ್ಟು, ಬಾಲದ ಕೆಳಗಿನವು ಒಂಟಿಯೋ ಜೋಡಿಯೋ ಎಂದು ಎಣಿಸುವರು. ನಮ್ಮ ಮನೆಗಳಲ್ಲಿ ಹಲ್ಲಿಗಾಗಿ ಗೋಡೆ ಹತ್ತುವ ನಿರಪಾಯದ ತೋಳಹಾವನ್ನು ಕಂಡು ಘೋರವಿಷದ ಕಟ್ಟುಹಾವೆಂದು ಜನರು ಕೊಲ್ಲುವದು ಬಣ್ಣವನ್ನು ನಂಬಿದ್ದರ ಫಲವೇ. ಕಟ್ಟುಹಾವಿಗೆ ಬೆನ್ನಿನ ನಡುಸಾಲಿನ ಹುರುಪೆಗಳು ದೊಡ್ಡವಾಗಿ ಆರು ಮೂಲೆಯಾಗಿರುವವು, ತೋಳಹಾವಿಗೆ ಹಾಗಿಲ್ಲ. ಆದರೆ ಬದುಕಿದ ಹಾವಿನ ಬೆನ್ನನ್ನು ಬಗ್ಗಿ ನೋಡುವ ಸಾಹಸವು ಯಾರಿಗೂ ಬೇಡ. ಹಾವು ಕಳಚಿಟ್ಟ ಪೊರೆಯಲ್ಲಿ ಈ ಹುರುಪೆಗಳೆಲ್ಲ ಹಾಗೆಯೇ ಅಚ್ಚೊತ್ತಿರುವವು. ಸಾಕುಹಾವಿನ ಪೊರೆಯನ್ನು ದಿನಾಂಕ ಬರೆದು ಕಾಗದದಲ್ಲಿ ಸುತ್ತಿಟ್ಟರೆ ಮುಂದೆ ಅದರಿಂದಲೇ ಡಿಎನ್‌ಎಯನ್ನೂ ತೆಗೆಯಬಹುದು.

ಇಷ್ಟಾದರೂ ಹುರುಪೆಯು ಜಾತಿಯನ್ನು ಹೇಳೀತು, ತಂದೆತಾಯಿಯನ್ನು ಹೇಳಲಾರದು. ಬಣ್ಣದ ಗುಣಗಳಲ್ಲಿ ಕೆಲವು ತಲೆಮಾರುಗಳವರೆಗೆ ಅಡಗಿರುವ ಸ್ವಭಾವದವು. ಆಲ್ಬಿನೊ ಎಂಬ ಬಿಳಿಚು ಹಾವನ್ನು ಶುದ್ಧವಾದ ಸಾಮಾನ್ಯ ಬಣ್ಣದ ಹಾವಿನೊಡನೆ ಕೂಡಿಸಿದರೆ ಮರಿಗಳೆಲ್ಲ ಸಾಮಾನ್ಯ ಬಣ್ಣದವೇ. ಆದರೆ ಪ್ರತಿಯೊಂದರಲ್ಲಿಯೂ ಆ ಗುಣವು ಅಡಗಿರುವದು. ಅಂಥ ಎರಡು ಮರಿಗಳು ಬೆಳೆದು ಕೂಡಿದರೆ ಸರಾಸರಿ ನಾಲ್ಕರಲ್ಲಿ ಒಂದು ಬಿಳಿಚು, ಎರಡು ಗುಣವನ್ನು ಅಡಗಿಸಿಕೊಂಡವು, ಒಂದು ಶುದ್ಧವಾದದ್ದು. ಕಡೆಯ ಮೂರೂ ಕಣ್ಣಿಗೆ ಒಂದೇ ತರದವು. ಪುಸ್ತಕವಿಲ್ಲದೆ ಮಾರುವವನ ಬಾಯಿಯೇ ಅವಕ್ಕೆ ಆಧಾರವು. ಇನ್ನು ಬಾಲ್ ಪೈಥಾನಿನಲ್ಲಿ ಸ್ಪೈಡರ್ ಎಂಬ ಒಂದು ಚಂದದ ಬಣ್ಣದೊಡನೆ ತಲೆಯು ಓಲಾಡುವ ರೋಗವೂ ವಂಶದಿಂದ ಅಂಟಿಕೊಂಡು ಬರುವದು. ಆ ಹಾವು ನೆಟ್ಟಗೆ ಇಲಿಯನ್ನು ಹಿಡಿಯಲೂ ತಡಬಡಿಸುವದು. ಬಣ್ಣಕ್ಕೆ ಮರುಳಾಗಿ ಇಂಥ ಸಂತತಿಯನ್ನು ಹೆಚ್ಚಿಸುವದು ಮೂಕಪ್ರಾಣಿಗೆ ಮಾಡುವ ಹಿಂಸೆಯಲ್ಲದೆ ಬೇರೇನೂ ಅಲ್ಲ.

ತಂದೆಯ ವಿಷಯದಲ್ಲಂತೂ ಹಾವು ಎಲ್ಲರನ್ನೂ ಮೋಸಗೊಳಿಸಬಲ್ಲದು. ಹೆಣ್ಣು ಹಾವು ಗಂಡಿನ ಬೀಜವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ಒಡಲಲ್ಲಿ ಕಾಯ್ದಿಟ್ಟುಕೊಳ್ಳುವದು. ಆದುದರಿಂದ ಈ ವರ್ಷ ಜೊತೆಗಿದ್ದ ಗಂಡೇ ಮರಿಗಳ ತಂದೆಯೆಂದು ಹೇಳಲಾಗದು. ಗಂಡಿನ ಸಂಗವೇ ಇಲ್ಲದೆ ಭ್ರೂಣಗಳು ಬೆಳೆದ ಬ್ರಹ್ಮದೇಶದ ಹೆಬ್ಬಾವೊಂದರ ವೃತ್ತಾಂತವು ಆಮ್‌ಸ್ಟರ್‌ಡಾಮಿನ ಪ್ರಾಣಿಸಂಗ್ರಹಾಲಯದಿಂದ ೨೦೦೩ ರಲ್ಲಿ ಪ್ರಕಟವಾಯಿತು. ಅಷ್ಟು ದೂರ ಹೋಗುವದೇಕೆ? ನಮ್ಮ ತುಳಸಿಕಟ್ಟೆಯ ಮಣ್ಣಿನಲ್ಲಿ, ಹೂವಿನ ಕುಂಡದಲ್ಲಿ ಎರೆಹುಳುವಿನಂತೆ ಹೊಳೆಯುತ್ತ ನುಸುಳುವ ಕುರುಡುಹಾವಿನ ಕುಲದಲ್ಲಿ ಗಂಡೇ ಇಲ್ಲ. ತಾಯಿಯಿಂದ ಮಗಳು, ಮಗಳಿಂದ ಮೊಮ್ಮಗಳು, ಹೀಗೆಯೇ ಆ ವಂಶವು ನಡೆಯುತ್ತಿದೆ. ಹೆಣ್ಣುಮಕ್ಕಳು ಅದನ್ನು ಕಂಡು ಹೆದರಬೇಕಾಗಿಲ್ಲ, ಅದು ಪೂರ್ತಿ ನಿರುಪದ್ರವಿ.

ವಂಶದ ಪುಸ್ತಕವನ್ನು ಇಡುವ ಪದ್ಧತಿಯು ಪ್ರಾಣಿಸಂಗ್ರಹಾಲಯಗಳಲ್ಲಿ ಹಳೆಯದು. ಕಾಡಿನಲ್ಲಿ ಪೂರ್ತಿ ಅಳಿದುಹೋದ ಯುರೋಪಿನ ಕಾಡುಕೋಣದ ಉಳಿದ ಕೆಲವೇ ಸಂತತಿಗಳನ್ನು ಲೆಕ್ಕವಿಟ್ಟು ೧೯೩೨ ರಲ್ಲಿ ಅಂಥ ಮೊದಲ ಪುಸ್ತಕವನ್ನು ಅಚ್ಚುಮಾಡಿದರು. ಆ ಲೆಕ್ಕದ ಬಲದಿಂದಲೇ ಅದು ತಿರುಗಿ ಕಾಡನ್ನು ಕಂಡಿತು. ಪುಸ್ತಕದಲ್ಲಿ ಬರೆಯುವದು ಬಹಳವಿಲ್ಲ: ಪ್ರಾಣಿಗೆ ಒಂದು ಅಂಕೆ, ತಾಯಿಯ ಅಂಕೆ, ತಂದೆಯ ಅಂಕೆ, ಹುಟ್ಟಿದ ದಿನ, ಹುಟ್ಟಿದ ಸ್ಥಳ, ಮೂಲದಲ್ಲಿ ಯಾವ ನಾಡಿನಿಂದ ಬಂದದ್ದು, ಯಾರ ಕೈಯಿಂದ ಯಾರ ಕೈಗೆ ಹೋಯಿತು, ಸತ್ತ ದಿನ. ಹೆಳವರ ಹೊತ್ತಿಗೆಯಲ್ಲಿಯೂ ಇದಕ್ಕಿಂತ ಬೇರೆಯದು ಏನಿದೆ?

ಈಗ ಕಾಯಿದೆಯೂ ಇದನ್ನೇ ಕೇಳುತ್ತದೆ. ೧೯೭೨ ರ ವನ್ಯಜೀವಿ ಸಂರಕ್ಷಣ ಕಾಯಿದೆಗೆ ೨೦೨೨ ರಲ್ಲಿ ಆದ ತಿದ್ದುಪಡಿ ಮತ್ತು ೨೦೨೪ ರ ನಿಯಮಗಳ ಪ್ರಕಾರ, ಸೈಟಿಸ್ ಪಟ್ಟಿಯಲ್ಲಿರುವ ಪರದೇಶದ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರಕಾರದಲ್ಲಿ ನೋಂದಾಯಿಸಬೇಕು. ಮರಿ ಹುಟ್ಟಿದರೆ, ಸತ್ತರೆ, ಬೇರೊಬ್ಬರಿಗೆ ಕೊಟ್ಟರೆ ತಿಳಿಸಬೇಕು. ಬಾಲ್ ಪೈಥಾನು ಆ ಪಟ್ಟಿಯಲ್ಲಿ ಸೇರಿದೆ. ಆದುದರಿಂದ ಇಳಕಲ್ಲಿನ ಮಹನೀಯರು ತಮ್ಮ ಮಗನ ಕಡೆಯಿಂದ ಮಾರುವವನಿಗೆ ನಾಲ್ಕು ಮಾತು ಕೇಳಿಸಲಿ. ಇದರ ತಾಯಿತಂದೆ ಯಾವವು? ಎಲ್ಲಿ, ಯಾವ ದಿನ ಮೊಟ್ಟೆಯೊಡೆದು ಹೊರಬಂದಿತು? ನಿನ್ನ ಹೆಸರಿನಲ್ಲಿ ನೋಂದಣಿಯ ಪತ್ರವಿದೆಯೋ? ನನ್ನ ಹೆಸರಿಗೆ ವರ್ಗಮಾಡಿ ಕೊಡುವಿಯೋ? ನಾಲ್ಕಕ್ಕೂ ಬರಹದಲ್ಲಿ ಉತ್ತರ ಸಿಕ್ಕರೆ ಮುಂದಿನ ವಿಚಾರ. ಇಲ್ಲವಾದರೆ ಹಾವು ಎಷ್ಟೇ ಚಂದವಿರಲಿ, ಎಷ್ಟೇ ಅಗ್ಗವಿರಲಿ, ಅದನ್ನು ಮುಟ್ಟದಿರುವದೇ ಲೇಸು. ಕೊಳ್ಳುವ ಪಕ್ಷದಲ್ಲಿ ಈ ಹಾವು ಇಪ್ಪತ್ತು ಮೂವತ್ತು ವರ್ಷ ಬದುಕತಕ್ಕದ್ದೆಂಬದನ್ನೂ, ಮಗನ ಓದು ಮುಗಿದ ಮೇಲೆ ಅದರ ಹೊಣೆಯು ಯಾರದೆಂಬದನ್ನೂ ತಂದೆಮಗ ಕೂಡಿ ಮೊದಲೇ ಮಾತಾಡಿಕೊಳ್ಳಬೇಕು.

ಎರಡನೆಯ ಪ್ರಶ್ನೆಗೆ ಉತ್ತರವು ಇನ್ನೂ ಸರಳವು. ಎರಡು ತಲೆಯ ಹಾವಿಗೆ ಎರಡು ತಲೆಗಳಿಲ್ಲ. ಅದು ಮಣ್ಣಿನಲ್ಲಿ ಹೂತುಕೊಂಡು ಇಲಿಗಳನ್ನು ತಿಂದು ಬದುಕುವ ಬಡಪಾಯಿ. ವೈರಿಗಳು ತಲೆಯೆಂದು ತಪ್ಪು ತಿಳಿಯಲೆಂದು ಅದರ ಬಾಲವು ಮೊಂಡಾಗಿರುವದು. ಅದರಲ್ಲಿ ನಿಧಿಯನ್ನು ತೋರಿಸುವ ಶಕ್ತಿಯಿಲ್ಲ, ರೋಗ ಕಳೆಯುವ ಗುಣವೂ ಇಲ್ಲ. ತೂಕ ಹೆಚ್ಚಾದಂತೆ ಬೆಲೆ ಏರುವದೆಂದು ಹೇಳಿ ಮುಂಗಡ ಹಣವನ್ನು ಎತ್ತುವ ದಲ್ಲಾಳಿಗಳ ಜಾಲವೊಂದೇ ಅದರ ಸುತ್ತ ಇರುವ ಚಮತ್ಕಾರವು. ಪರದೇಶಗಳಲ್ಲಿ ಇದೇ ಹಾವನ್ನು ಸಾಕಿ ಮರಿಮಾಡಿಸಿ ಮಾರುವವರುಂಟು. ಅಲ್ಲಿಯ ಬೆಲೆಯು ಲಕ್ಷ ಕೋಟಿಗಳದಲ್ಲ. ನಮ್ಮ ನಾಡಿನ ಹಾವನ್ನು ಹಿಡಿಯುವದು, ಇಟ್ಟುಕೊಳ್ಳುವದು, ಮಾರುವದು ಕಾಯಿದೆಯಂತೆ ಅಪರಾಧವು. ಸೆರೆಮನೆಯ ಶಿಕ್ಷೆಯು ಉಂಟು. ಇಂಥ ವ್ಯವಹಾರದಲ್ಲಿ ಸಿಕ್ಕುಬೀಳುವವರು ಹೆಚ್ಚಾಗಿ ದಲ್ಲಾಳಿಗಳಲ್ಲ, ಸಾಲದ ಬಾಧೆಯಲ್ಲಿ ಆಸೆಗೆ ಬಿದ್ದ ಬಡ ರೈತರು. ಜೋಳದ ಹೊಲದ ಇಲಿಗಳನ್ನು ಕೂಲಿಯಿಲ್ಲದೆ ಕಾಯುವ ಆ ಹಾವನ್ನು ಅದರ ಪಾಡಿಗೆ ಬಿಡುವದೇ ನಿಜವಾದ ಲಾಭವು.

ಹುಡುಗರಿಗೆ ಹಾವಿನ ಮೇಲೆ ಪ್ರೀತಿ ಹುಟ್ಟಿದ್ದು ಕೆಟ್ಟದ್ದೇನೂ ಅಲ್ಲ. ಭಯದಿಂದ ಕೋಲೆತ್ತುವದಕ್ಕಿಂತ ಅದು ಎಷ್ಟೋ ಮೇಲು. ಆ ಪ್ರೀತಿಗೆ ಶಿಸ್ತನ್ನು ಕಲಿಸುವದು ಹಿರಿಯರ ಕೆಲಸ. ರಜೆಯಲ್ಲಿ ಊರಿಗೆ ಬಂದಾಗ ಬೇಲಿಯ ಬದಿಯಲ್ಲಿ ಸಿಕ್ಕ ಪೊರೆಯ ಹುರುಪೆಗಳನ್ನು ಎಣಿಸಲಿ, ಯಾವ ಹಾವು ಯಾವ ತಿಂಗಳಲ್ಲಿ ಎಲ್ಲಿ ಕಂಡಿತೆಂದು ದೂರದಿಂದ ನೋಡಿ ಒಂದು ವಹಿಯಲ್ಲಿ ಬರೆಯಲಿ. ಮನೆಯೊಳಕ್ಕೆ ಹಾವು ಬಂದರೆ ಅರಣ್ಯ ಇಲಾಖೆಯವರಿಗೆ ತಿಳಿಸುವದನ್ನು ನೆರೆಹೊರೆಯವರಿಗೂ ಹೇಳಿಕೊಡಲಿ. ಐದಾರು ವರ್ಷ ತಪ್ಪದೆ ಬರೆದ ಅಂಥ ವಹಿಯು ಬಾದಾಮಿ ಹುನಗುಂದಗಳ ಹಾವುಗಳ ಬಗ್ಗೆ ಅಭ್ಯಾಸಮಾಡುವವರಿಗೆ ಬೆಲೆಯುಳ್ಳದ್ದಾದೀತು. ಅದಕ್ಕೆ ಖರ್ಚು ಒಂದು ಪುಸ್ತಕ, ಒಂದು ಪೆನ್ಸಿಲು ಮಾತ್ರ.